ದೇಹಶ್ರಮವೂ ಹೃದಯದ ಆರೋಗ್ಯವೂ

ಲಂಡನ್ ನಗರದ ಬೀದಿಗಳಲ್ಲಿ ಸಂಚರಿಸುವ ಕೆಂಪು ಬಣ್ಣದ ಎರಡಂತಸ್ತಿನ ಬಸ್ಸುಗಳ ಚಿತ್ರವನ್ನು ನೋಡದಿರುವವರು ವಿರಳ. ಕಳೆದ ಶತಮಾನದ ನಡುಭಾಗದಲ್ಲಿ ಅಂಥ ಒಂದೊಂದು ಬಸ್ಸಿನಲ್ಲಿಯೂ ಇಬ್ಬರು ನೌಕರರಿರುತ್ತಿದ್ದರು. ಒಬ್ಬನು ಡ್ರೈವರು, ಕೆಲಸದ ವೇಳೆಯ ಬಹುಪಾಲನ್ನು ಅವನು ಕುಳಿತೇ ಕಳೆಯುತ್ತಿದ್ದನು. ಇನ್ನೊಬ್ಬನು ಕಂಡಕ್ಟರು, ಟಿಕೆಟು ಕೊಡುವುದಕ್ಕಾಗಿ ಅವನು ಕೆಳಗಣ ಅಂತಸ್ತಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ದಿನವಿಡೀ ಓಡಾಡಬೇಕಾಗಿತ್ತು. ದಿನವೊಂದಕ್ಕೆ ಅವನು ಹತ್ತುತ್ತಿದ್ದ ಮೆಟ್ಟಿಲುಗಳು ಸುಮಾರು ೫೦೦ರಿಂದ ೭೫೦. ಇಬ್ಬರೂ ಒಂದೇ ನಗರದವರು, ಒಂದೇ ಸಂಸ್ಥೆಯ ನೌಕರರು, ಹೆಚ್ಚುಕಡಿಮೆ ಒಂದೇ ಬಗೆಯ ಜೀವನವನ್ನು ನಡೆಸುತ್ತಿದ್ದವರು. ಅವರ ಹೃದಯಗಳ ಸ್ಥಿತಿಯೂ ಒಂದೇ ಬಗೆಯಾಗಿತ್ತೆ? ಈ ಸರಳವಾದ ಪ್ರಶ್ನೆಯಿಂದ ವೈದ್ಯವಿಜ್ಞಾನದ ಒಂದು ಹೊಸ ಅಧ್ಯಾಯವೇ ಆರಂಭವಾಯಿತು.

ಹೃದಯಾಘಾತವೆಂದರೇನು?

ಪ್ರಶ್ನೆಯ ಮಹತ್ವವನ್ನು ತಿಳಿಯಬೇಕಾದರೆ ಹೃದಯದ ಕಾರ್ಯವನ್ನು ಸ್ವಲ್ಪಮಟ್ಟಿಗೆ ನೆನಪಿಗೆ ತಂದುಕೊಳ್ಳಬೇಕು. ನಮ್ಮ ಹೃದಯವು ಮುಷ್ಟಿಯಷ್ಟು ಗಾತ್ರದ, ಟೊಳ್ಳಾದ ಒಂದು ಸ್ನಾಯು. ವಿಶ್ರಾಂತಿಯಲ್ಲಿರುವ ವಯಸ್ಕನಲ್ಲಿ ಅದು ನಿಮಿಷಕ್ಕೆ ಸುಮಾರು ೭೦ ಸಲ ಬಡಿದು ಸುಮಾರು ೫ ಲೀಟರು ರಕ್ತವನ್ನು ದೇಹಕ್ಕೆ ಒತ್ತಿ ಕಳುಹಿಸುತ್ತದೆ. ತನ್ನ ಕೋಣೆಗಳಲ್ಲಿ ಸದಾ ರಕ್ತವು ತುಂಬಿ ಹರಿಯುತ್ತಿದ್ದರೂ ಹೃದಯದ ದಪ್ಪವಾದ ಗೋಡೆಯು ಆ ರಕ್ತದಿಂದ ನೇರವಾಗಿ ಪೋಷಣೆಯನ್ನು ಪಡೆಯಲಾರದು. ಅದಕ್ಕೆ ಆಮ್ಲಜನಕವನ್ನು ಒದಗಿಸಲು ಬೇರೆಯೇ ಧಮನಿಗಳುಂಟು. ಹೃದಯದ ಮೈಯನ್ನು ಕಿರೀಟದಂತೆ ಸುತ್ತುವರಿದಿರುವುದರಿಂದ ಅವುಗಳಿಗೆ ಕಿರೀಟ ಧಮನಿಗಳೆಂದು ಹೆಸರು. ವರ್ಷಗಳು ಕಳೆದಂತೆ ಈ ಧಮನಿಗಳ ಒಳಗೋಡೆಯಲ್ಲಿ ಕೊಬ್ಬಿನಂಥ ವಸ್ತು ಸಂಚಯವಾಗಿ ದಾರಿಯು ಕಿರಿದಾಗಬಹುದು. ಅಂಥ ಕಡೆ ರಕ್ತವು ಹೆಪ್ಪುಗಟ್ಟಿ ದಾರಿಯನ್ನು ಮುಚ್ಚಿತೆಂದರೆ, ಆ ಧಮನಿಯನ್ನು ನಂಬಿದ್ದ ಸ್ನಾಯುಭಾಗವು ಆಮ್ಲಜನಕವಿಲ್ಲದೆ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನಲ್ಲಿ ನಡುವಯಸ್ಸಿನ ಗಂಡಸರು ಈ ರೋಗಕ್ಕೆ ಹೆಚ್ಚುಹೆಚ್ಚಾಗಿ ತುತ್ತಾಗುತ್ತಿದ್ದರು. ಕಾರಣವೇನೆಂಬುದು ಸ್ಪಷ್ಟವಾಗಿರಲಿಲ್ಲ. ಜೆರಿ ಮಾರಿಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ಇದರ ಕಾರಣವನ್ನು ಜನರ ಉದ್ಯೋಗಗಳಲ್ಲಿ ಹುಡುಕಲು ತೊಡಗಿದರು. ಲಂಡನ್ನಿನ ಸಾರಿಗೆ ಸಂಸ್ಥೆಯಲ್ಲಿದ್ದ ೩೫ರಿಂದ ೬೪ ವರ್ಷ ವಯಸ್ಸಿನ ಸುಮಾರು ೩೧,೦೦೦ ನೌಕರರ ದಾಖಲೆಗಳು ಅವರ ಕೈಸೇರಿದುವು. ೧೯೫೩ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿದ್ದಿತು: ಕಿರೀಟ ಧಮನಿಯ ರೋಗವು ವರ್ಷಕ್ಕೆ ಸಾವಿರ ಕಂಡಕ್ಟರುಗಳಲ್ಲಿ ೧.೯ ಮಂದಿಯಲ್ಲಿಯೂ ಸಾವಿರ ಡ್ರೈವರುಗಳಲ್ಲಿ ೨.೭ ಮಂದಿಯಲ್ಲಿಯೂ ಹೊಸದಾಗಿ ಕಾಣಿಸಿಕೊಂಡಿತ್ತು. ರೋಗ ತಗುಲಿದ ಮೊದಲ ದಿನಗಳಲ್ಲಿಯೇ ಸಾಯುವವರ ಪ್ರಮಾಣವಂತೂ ಕಂಡಕ್ಟರುಗಳಲ್ಲಿ ಡ್ರೈವರುಗಳಿಗಿಂತ ಬಹಳ ಕಡಿಮೆಯಾಗಿತ್ತು. ಅಂಚೆ ಇಲಾಖೆಯಲ್ಲಿಯೂ ಇದೇ ಬಗೆಯ ಚಿತ್ರ ಮೂಡಿತು. ನಡೆದೋ ಸೈಕಲ್ಲಿನ ಮೇಲೋ ಕಾಗದ ಹಂಚುವವರಿಗಿಂತ ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರಲ್ಲಿ ರೋಗವು ಹೆಚ್ಚಾಗಿತ್ತು.

ಸಂಶಯದ ಪರೀಕ್ಷೆ

ಇಷ್ಟರಿಂದಲೇ ಮೆಟ್ಟಿಲು ಹತ್ತುವುದು ಹೃದಯವನ್ನು ಕಾಪಾಡುತ್ತದೆಂದು ಹೇಳಬಹುದೆ? ವಿಜ್ಞಾನವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸ್ವಭಾವತಃ ಗಟ್ಟಿಮುಟ್ಟಾದವನು ಕಂಡಕ್ಟರನ ಕೆಲಸವನ್ನೂ, ಸ್ಥೂಲಕಾಯನು ಕುಳಿತು ಮಾಡುವ ಕೆಲಸವನ್ನೂ ಆರಿಸಿಕೊಂಡಿರಬಹುದಷ್ಟೆ! ಹಾಗಿದ್ದಲ್ಲಿ ಮೆಟ್ಟಿಲುಗಳಿಗೆ ಸಲ್ಲಿಸಿದ ಗೌರವವು ನ್ಯಾಯವಾಗಿ ಕೆಲಸಗಾರನ ಮೈಕಟ್ಟಿಗೆ ಸಲ್ಲಬೇಕಾಗುತ್ತದೆ.

ಈ ಆಕ್ಷೇಪಣೆಯನ್ನು ಮಾರಿಸ್‌ರವರು ತಾವೇ ಕೈಗೆತ್ತಿಕೊಂಡರು. ನೌಕರರಿಗೆ ಸಂಸ್ಥೆಯು ಹೊಲಿಸಿಕೊಡುತ್ತಿದ್ದ ಸಮವಸ್ತ್ರಗಳ ಅಳತೆಗಳು ದಾಖಲೆಯಲ್ಲಿದ್ದುವು. ೧೯೫೬ರಲ್ಲಿ ಪ್ರಕಟವಾದ ಈ ಷರಾಯಿಗಳ ಲೆಕ್ಕವು ಸಂಶಯವು ನಿರಾಧಾರವಲ್ಲವೆಂಬುದನ್ನು ತೋರಿಸಿತು. ಕಿರಿಯ ವಯಸ್ಸಿನಲ್ಲಿಯೇ ಡ್ರೈವರುಗಳ ಸೊಂಟದ ಸುತ್ತಳತೆ ಕಂಡಕ್ಟರುಗಳದಕ್ಕಿಂತ ಹೆಚ್ಚಾಗಿದ್ದಿತು. ಆದರೆ ಮುಂದೆ ತೆಳ್ಳಗಿನವರನ್ನು ತೆಳ್ಳಗಿನವರೊಡನೆ, ದಪ್ಪನಾದವರನ್ನು ದಪ್ಪನಾದವರೊಡನೆ ಹೋಲಿಸಿ ನೋಡಿದಾಗಲೂ ಹೃದಯಾಘಾತದಿಂದ ಒಮ್ಮೆಲೇ ಸಾಯುವವರ ಸಂಖ್ಯೆ ಡ್ರೈವರುಗಳಲ್ಲಿಯೇ ಹೆಚ್ಚಾಗಿ ಕಂಡಿತು. ಮೈಕಟ್ಟು ಸ್ವಲ್ಪ ಭಾಗವನ್ನು ವಿವರಿಸಬಲ್ಲುದು, ಎಲ್ಲವನ್ನೂ ವಿವರಿಸಲಾರದು.

ಇದಕ್ಕಿಂತ ಬಲವಾದ ಸಾಕ್ಷ್ಯವು ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದಿತು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಬಂದರಿನಲ್ಲಿ ಹಡಗುಗಳಿಗೆ ಸರಕು ಏರಿಸಿ ಇಳಿಸುತ್ತಿದ್ದ ೬,೩೫೧ ಮಂದಿ ಕೆಲಸಗಾರರನ್ನು ರಾಲ್ಫ್ ಪ್ಯಾಫೆನ್‌ಬಾರ್ಗರ್ ಎಂಬ ವಿಜ್ಞಾನಿ ೨೨ ವರ್ಷಗಳ ಅವಧಿಯುದ್ದಕ್ಕೂ ಪರಿಶೀಲಿಸಿದರು. ಅಲ್ಲಿ ಒಂದು ನಿಯಮವಿತ್ತು: ಹೊಸದಾಗಿ ಸೇರಿದ ಪ್ರತಿಯೊಬ್ಬನೂ ಮೊದಲ ಐದು ವರ್ಷಗಳನ್ನು ಭಾರ ಹೊರುವ ಕೆಲಸದಲ್ಲಿಯೇ ಕಳೆಯಬೇಕು. ಹೀಗಿದ್ದುದರಿಂದ ದುರ್ಬಲರು ಮೊದಲೇ ಹಗುರವಾದ ಕೆಲಸವನ್ನು ಆರಿಸಿಕೊಂಡರೆಂಬ ವಾದಕ್ಕೆ ಅಲ್ಲಿ ಅವಕಾಶವು ಕಡಿಮೆ. ೧೯೭೫ರಲ್ಲಿ ಪ್ರಕಟವಾದ ಅವರ ವರದಿಯಂತೆ, ಭಾರವಾದ ಕೆಲಸ ಮಾಡುವವರಲ್ಲಿ ಈ ರೋಗದಿಂದುಂಟಾಗುವ ಮರಣದ ಪ್ರಮಾಣವು ಉಳಿದವರದಕ್ಕಿಂತ ಬಹುಮಟ್ಟಿಗೆ ಅರ್ಧದಷ್ಟಿದ್ದಿತು.

ಕುಳಿತೇ ಕೆಲಸ ಮಾಡಬೇಕಾದವನ ಗತಿಯೇನು? ಇದಕ್ಕೂ ಮಾರಿಸ್‌ರವರೇ ಉತ್ತರವನ್ನು ಹುಡುಕಿದರು. ೧೯೬೮ರಿಂದ ೧೯೭೦ರವರೆಗೆ ಬ್ರಿಟನ್ನಿನ ಸರ್ಕಾರಿ ಕಚೇರಿಗಳ ಸುಮಾರು ೧೮,೦೦೦ ಮಂದಿ ಗಂಡಸರು ಹಿಂದಿನ ಶುಕ್ರವಾರ ಮತ್ತು ಶನಿವಾರಗಳಂದು ತಾವು ಮಾಡಿದುದನ್ನೆಲ್ಲ ಸೋಮವಾರ ಬೆಳಗ್ಗೆ ಬರೆದುಕೊಟ್ಟರು. ಬಿಡುವಿನ ವೇಳೆಯಲ್ಲಿ ಹುರುಪಿನ ಆಟ, ವ್ಯಾಯಾಮಗಳಲ್ಲಿ ತೊಡಗಿದ್ದವರಲ್ಲಿ ಮುಂದಿನ ಎಂಟೂವರೆ ವರ್ಷಗಳಲ್ಲಿ ಈ ಹೃದ್ರೋಗವು ಉಳಿದವರಲ್ಲಿ ಕಂಡುದರ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆಯೇ ಕಂಡುಬಂದಿತು.

ಈ ಅಧ್ಯಯನಗಳಲ್ಲಿ ಹೆಂಗಸರ ಸುದ್ದಿಯೇ ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಆ ಕೊರತೆಯು ತಡವಾಗಿ ತುಂಬಿತು. ಅಮೆರಿಕದ ೭೨,೦೦೦ಕ್ಕೂ ಹೆಚ್ಚು ಮಂದಿ ದಾದಿಯರ ಅಧ್ಯಯನವೊಂದು ೧೯೯೯ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿರುಸಾಗಿ ನಡೆಯುವವರಲ್ಲಿ ಹೃದಯದ ಗಂಡಾಂತರವು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯೆಂದು ಅದು ತಿಳಿಸಿತು. ನಡಿಗೆಗೆ ಯಾವ ಉಪಕರಣವೂ ಬೇಡ, ಆಟದ ಮೈದಾನವೂ ಬೇಡವೆಂಬುದನ್ನು ಇಲ್ಲಿ ನೆನೆಯಬೇಕು.

ದೇಹದೊಳಗೆ ಆಗುವುದೇನು?

ಅಂಕಿಗಳು ಒಂದು ಸಂಬಂಧವನ್ನು ಮಾತ್ರ ತೋರಿಸುತ್ತವೆ. ಅದರ ಮರ್ಮವನ್ನು ಪ್ರಯೋಗದಿಂದ ತಿಳಿಯಬೇಕು. ೧೯೬೬ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲಿಯೇ ಮಲಗಿಸಿದರು. ದುಡಿಯುವಾಗ ದೇಹವು ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವು ಅಷ್ಟರಲ್ಲಿಯೇ ನಾಲ್ಕರಲ್ಲಿ ಒಂದು ಪಾಲಿಗೂ ಮಿಕ್ಕಿ ಕುಗ್ಗಿಹೋಯಿತು. ಒಂದೊಂದು ಬಡಿತಕ್ಕೆ ಹೃದಯವು ಹೊರದೂಡುವ ರಕ್ತವು ಕಡಿಮೆಯಾದುದೇ ಇದಕ್ಕೆ ಮುಖ್ಯ ಕಾರಣ. ಅನಂತರ ಎಂಟು ವಾರಗಳ ವ್ಯಾಯಾಮದಿಂದ ಅವರ ಶಕ್ತಿ ಮರಳಿತು. ಮೊದಲು ವ್ಯಾಯಾಮದ ಅಭ್ಯಾಸವಿಲ್ಲದಿದ್ದವರಲ್ಲಿ ಹಿಂದಿನ ಮಟ್ಟವನ್ನೂ ಮೀರಿತು. ಮೂವತ್ತು ವರ್ಷಗಳ ಮೇಲೆ, ೧೯೯೬ರಲ್ಲಿ, ಅದೇ ಐವರನ್ನು ಪುನಃ ಪರೀಕ್ಷಿಸಿದರು. ಮೂವತ್ತು ವರ್ಷಗಳ ಮುಪ್ಪು ಮಾಡಿದ ಹಾನಿಗಿಂತ ಮೂರು ವಾರಗಳ ಹಾಸಿಗೆ ಮಾಡಿದ್ದ ಹಾನಿಯೇ ದೊಡ್ಡದಾಗಿತ್ತು!

ಪಳಗಿದ ಹೃದಯವು ಒಂದು ಬಡಿತದಲ್ಲಿ ಹೆಚ್ಚು ರಕ್ತವನ್ನು ಒತ್ತುವುದರಿಂದ ಅದು ನಿಧಾನವಾಗಿ ಬಡಿದರೂ ಸಾಕು. ನಿಮಿಷಕ್ಕೆ ೭೦ ಸಲ ಬಡಿಯುವ ಹೃದಯವು ದಿನಕ್ಕೆ ೧,೦೦,೮೦೦ ಸಲ ಬಡಿಯುತ್ತದೆ. ೫೫ ಸಲ ಬಡಿಯುವುದು ೭೯,೨೦೦ ಸಲ. ದಿನವೊಂದಕ್ಕೆ ೨೧,೬೦೦ ಬಡಿತಗಳ ಉಳಿತಾಯ! ಇದಲ್ಲದೆ ವ್ಯಾಯಾಮದಿಂದ ರಕ್ತದೊತ್ತಡವು ತಗ್ಗುತ್ತದೆ. ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಧಮನಿಗಳ ಒಳಪೊರೆಯು ಅಗತ್ಯಕ್ಕೆ ತಕ್ಕಂತೆ ಹಿಗ್ಗುವ ಗುಣವನ್ನು ಉಳಿಸಿಕೊಳ್ಳುತ್ತದೆ.

ಕಾಡಿನ ಜನ, ನಾಡಿನ ಜನ

ಮೇಲೆ ಹೇಳಿದವರೆಲ್ಲ ಪಟ್ಟಣವಾಸಿಗಳು. ಹಿಂದಿನ ಕಾಲದವರಂತೆ ದಿನವೆಲ್ಲ ಮೈಬಗ್ಗಿಸಿ ದುಡಿಯುವ ಜನರ ಧಮನಿಗಳು ಹೇಗಿರುತ್ತವೆ? ದಕ್ಷಿಣ ಅಮೆರಿಕದ ಬೊಲಿವಿಯ ದೇಶದ ಕಾಡುಗಳಲ್ಲಿ ತ್ಸಿಮಾನೆ ಎಂಬ ಜನರಿದ್ದಾರೆ. ಬೇಟೆ, ಮೀನುಗಾರಿಕೆ ಮತ್ತು ಬೇಸಾಯ ಇವರ ಜೀವನೋಪಾಯ. ಗಂಡಸರು ದಿನಕ್ಕೆ ಆರೇಳು ಗಂಟೆಗಳನ್ನೂ ಹೆಂಗಸರು ನಾಲ್ಕರಿಂದ ಆರು ಗಂಟೆಗಳನ್ನೂ ದೇಹಶ್ರಮದಲ್ಲಿ ಕಳೆಯುತ್ತಾರೆ. ಇವರಲ್ಲಿ ೪೦ ವರ್ಷ ದಾಟಿದ ೭೦೫ ಮಂದಿಯ ಎದೆಯ ಕ್ಷ-ಕಿರಣ ಸ್ಕ್ಯಾನ್ ತೆಗೆದು ಪರೀಕ್ಷಿಸಲಾಯಿತು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೂರಕ್ಕೆ ೮೫ ಮಂದಿಯ ಕಿರೀಟ ಧಮನಿಗಳಲ್ಲಿ, ರೋಗದ ಗುರುತಾದ ಸುಣ್ಣದ ಅಂಶವೇ ಇರಲಿಲ್ಲ. ಅವರ ಆಹಾರದಲ್ಲಿ ಕೊಬ್ಬು ಕಡಿಮೆ, ಧೂಮಪಾನವೂ ಕಡಿಮೆ. ಆದುದರಿಂದ ಇದೆಲ್ಲವೂ ಶ್ರಮವೊಂದರ ಫಲವೆನ್ನುವಂತಿಲ್ಲ. ಶ್ರಮಕ್ಕೆ ಅದರಲ್ಲಿ ದೊಡ್ಡ ಪಾಲಿದೆಯೆಂದು ಸಂಶೋಧಕರು ಭಾವಿಸುತ್ತಾರೆ.

ದೇಹದ ದುಡಿಮೆಯೆಲ್ಲವೂ ಹೃದಯಕ್ಕೆ ಹಿತವೆಂದು ಭಾವಿಸುವುದೂ ತಪ್ಪು. ಕೋಪನ್‌ಹೇಗನ್ನಿನ ಲಕ್ಷಕ್ಕೂ ಮಿಕ್ಕಿದ ಜನರನ್ನು ಕುರಿತು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಡುವಿನ ವೇಳೆಯ ವ್ಯಾಯಾಮವು ಗಂಡಾಂತರವನ್ನು ತಗ್ಗಿಸುವಂತೆಯೂ, ಉದ್ಯೋಗದ ಕಠಿನ ಶ್ರಮವು ಹೆಚ್ಚಿಸುವಂತೆಯೂ ತೋರಿತು. ವಿರಾಮವಿಲ್ಲದೆ ಗಂಟೆಗಟ್ಟಲೆ ಭಾರವನ್ನೆತ್ತಿದರೆ ದಿನವಿಡೀ ರಕ್ತದೊತ್ತಡವು ಏರಿಯೇ ಇರುವುದು ಇದಕ್ಕೆ ಕಾರಣವಾಗಿರಬಹುದು. ಸ್ಯಾನ್‌ಫ್ರಾನ್ಸಿಸ್ಕೊ ಬಂದರಿನವರ ದುಡಿಮೆಯಾದರೋ ನಡುನಡುವೆ ವಿಶ್ರಾಂತಿಯುಳ್ಳದ್ದಾಗಿತ್ತು. ಶ್ರಮದಷ್ಟೇ ವಿಶ್ರಾಂತಿಯೂ ಕೆಲಸಗಾರನ ಹಕ್ಕೆಂಬುದಕ್ಕೆ ಶರೀರಶಾಸ್ತ್ರವೂ ಸಾಕ್ಷಿ ನುಡಿಯುತ್ತದೆ.

ನಮ್ಮ ಸಂಗತಿ

ಈ ವಿಷಯವು ನಮಗೆ ಎಷ್ಟು ಹತ್ತಿರದ್ದೆಂಬುದನ್ನು ‘ಇಂಟರ್‌ಹಾರ್ಟ್’ ಎಂಬ ಅಧ್ಯಯನವು ತೋರಿಸಿಕೊಟ್ಟಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಸಲೀಂ ಯೂಸುಫ್‌ರವರು ಇದರ ಮುಂದಾಳು. ೫೨ ದೇಶಗಳಲ್ಲಿ, ಹೃದಯಾಘಾತಕ್ಕೆ ಒಳಗಾದ ಸುಮಾರು ೧೫,೦೦೦ ಮಂದಿಯನ್ನು ಹೆಚ್ಚುಕಡಿಮೆ ಅಷ್ಟೇ ಮಂದಿ ಆಘಾತವಾಗದವರೊಡನೆ ಹೋಲಿಸಲಾಯಿತು. ದಕ್ಷಿಣ ಏಷ್ಯದವರಲ್ಲಿ ಮೊದಲ ಆಘಾತವು ಸುಮಾರು ೫೩ನೆಯ ವಯಸ್ಸಿನಲ್ಲಿ ಬಂದರೆ ಇತರರಲ್ಲಿ ಸುಮಾರು ೫೯ರಲ್ಲಿ ಬರುತ್ತದೆಂದು ೨೦೦೭ರ ವರದಿಯು ತಿಳಿಸಿತು. ಆಘಾತವಾಗದವರ ಪೈಕಿ ಸಾಕಷ್ಟು ವ್ಯಾಯಾಮ ಮಾಡುತ್ತಿದ್ದವರು ಇತರ ದೇಶಗಳಲ್ಲಿ ನೂರಕ್ಕೆ ೨೧.೬ ಮಂದಿ, ನಮ್ಮ ಕಡೆ ೬.೧ ಮಂದಿ ಮಾತ್ರ! ಸಂಸಾರದ ಹೊಣೆಯಿನ್ನೂ ಹೆಗಲ ಮೇಲಿರುವಾಗಲೇ ಆರು ವರ್ಷ ಮುಂಚಿತವಾಗಿ ಬರುವ ಈ ಆಘಾತದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ನಮ್ಮ ರಕ್ತದಲ್ಲಿಯೇ ಬರೆದ ಹಣೆಬರಹವೆ? ಅಲ್ಲವೆಂದೇ ವರದಿಯ ಅಭಿಪ್ರಾಯ. ಧೂಮಪಾನ, ರಕ್ತದೊತ್ತಡ, ಸಿಹಿಮೂತ್ರರೋಗ, ವ್ಯಾಯಾಮದ ಅಭಾವ ಮೊದಲಾದ ಪರಿಚಿತ ಕಾರಣಗಳು ನಮ್ಮವರಲ್ಲಿ ಕಿರಿಯ ವಯಸ್ಸಿನಲ್ಲಿಯೇ ಸೇರಿಕೊಳ್ಳುವುದರಿಂದಲೇ ಈ ಅಂತರವು ಬಹುಮಟ್ಟಿಗೆ ಉಂಟಾಗುತ್ತದೆ. ಕಾರಣಗಳು ಚಿಕ್ಕಂದಿನಲ್ಲಿ ಬೇರೂರುವುವಾದರೆ ಅವನ್ನು ಕೀಳಬೇಕಾದುದೂ ಆಗಲೇ. ೧೭ ವರ್ಷದೊಳಗಿನ ಹುಡುಗ ಹುಡುಗಿಯರು ದಿನಕ್ಕೆ ಸರಾಸರಿ ೬೦ ನಿಮಿಷಗಳಾದರೂ ಮೈಯಾಡಿಸಬೇಕೆಂದೂ, ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಸಾಧಾರಣ ವ್ಯಾಯಾಮ ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸಲಹೆಯಿತ್ತಿದೆ.

ಕೊನೆಯದಾಗಿ, ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದಾದ ಒಂದು ಪ್ರಯೋಗ. ಐದು ನಿಮಿಷ ಸುಮ್ಮನೆ ಕುಳಿತು, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಿರಿ. ಬಳಿಕ ಮೂರು ನಿಮಿಷ ಒಂದೇ ವೇಗದಲ್ಲಿ ಮೆಟ್ಟಿಲನ್ನು ಹತ್ತಿ ಇಳಿಯಿರಿ. ನಿಂತ ಕೂಡಲೆ ೧೫ ಸೆಕೆಂಡು ನಾಡಿಯನ್ನೆಣಿಸಿ ನಾಲ್ಕರಿಂದ ಗುಣಿಸಿರಿ. ಎರಡು ನಿಮಿಷಗಳ ತರುವಾಯ ಇದೇ ರೀತಿ ಮತ್ತೊಮ್ಮೆ ಎಣಿಸಿರಿ. ಎರಡು ತಿಂಗಳು ಪ್ರತಿದಿನವೂ ಬಿರುಸಾದ ನಡಿಗೆಯನ್ನಾಗಲಿ ಓಟವನ್ನಾಗಲಿ ಆಟವನ್ನಾಗಲಿ ಅಭ್ಯಾಸ ಮಾಡಿ, ಅದೇ ಮೆಟ್ಟಿಲಿನಲ್ಲಿ ಅದೇ ವೇಗದಲ್ಲಿ ಪ್ರಯೋಗವನ್ನು ಪುನಃ ನಡೆಸಿರಿ. ನಾಡಿಯ ಏರಿಕೆಯು ಕಡಿಮೆಯಾಗಿ, ಅದು ಬೇಗನೆ ಮೊದಲಿನ ಸ್ಥಿತಿಗೆ ಮರಳುವುದನ್ನು ಸಾಮಾನ್ಯವಾಗಿ ಕಾಣುವಿರಿ. ಹೃದಯದ ತೊಂದರೆಯಾಗಲಿ ಉಬ್ಬಸವಾಗಲಿ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಇದಕ್ಕೆ ತೊಡಗಬೇಕು.

ಜೆರಿ ಮಾರಿಸ್‌ರವರು ತಮ್ಮ ಸಂಶೋಧನೆಯ ಪಾಠವನ್ನು ತಾವೂ ಅನುಸರಿಸಿ, ಇಳಿವಯಸ್ಸಿನವರೆಗೂ ವ್ಯಾಯಾಮವನ್ನು ಬಿಡದೆ ನಡೆಸಿದರು. ೨೦೦೯ರಲ್ಲಿ ಅವರು ತೀರಿಕೊಂಡಾಗ ಅವರ ವಯಸ್ಸು ೯೯. ಒಬ್ಬರ ದೀರ್ಘಾಯುಸ್ಸಿನಿಂದ ಯಾವ ಸಿದ್ಧಾಂತವೂ ಸಿದ್ಧವಾಗುವುದಿಲ್ಲವೆಂದು ಅವರೇ ಮೊದಲು ಹೇಳುತ್ತಿದ್ದರೇನೊ. ಸಾವಿರಾರು ಕಂಡಕ್ಟರುಗಳು ದಿನದಿನವೂ ಹತ್ತಿದ ಮೆಟ್ಟಿಲುಗಳ ಸಾಕ್ಷ್ಯವಾದರೂ ನಮ್ಮ ಮುಂದಿದೆ.