ಎರಡು ಎಕರೆ ಒತ್ತಿ ಹಾಕಿ ಆರು ವಾರ ನಾರ್ವೆಗೆ?

ಪ್ರಶ್ನೆ: ನಾನು ಹಾವೇರಿಯಲ್ಲಿ ಎಂ.ಎ. ರಾಜ್ಯಶಾಸ್ತ್ರ ಮೊದಲ ವರ್ಷ ಓದುತ್ತಿದ್ದೇನೆ. ಊರು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಐದು ಎಕರೆ ಹೊಲ, ಮೆಣಸಿನಕಾಯಿ ಮತ್ತು ಗೋವಿನಜೋಳ ಬೆಳೆಯುತ್ತೇವೆ. ನಾರ್ವೆಯ ವಿಶ್ವವಿದ್ಯಾಲಯವೊಂದು ಬೇಸಿಗೆಯಲ್ಲಿ ಆರು ವಾರ ನಡೆಸುವ ಯುರೋಪ್ ಮತ್ತು ಸ್ಕ್ಯಾಂಡಿನೇವಿಯಾ ರಾಜಕಾರಣದ ಕೋರ್ಸಿಗೆ ಅರ್ಜಿ ಹಾಕಿದ್ದೆ. ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ ಸಿಕ್ಕಿಲ್ಲ. ಫೀ, ವಸತಿ, ವಿಮಾನ, ವೀಸಾ ಎಲ್ಲ ಸೇರಿ ನಾಲ್ಕೂವರೆ ಲಕ್ಷ ಬೇಕು. ಅಪ್ಪ "ಎರಡ್ ಎಕರೆ ಒತ್ತಿ ಹಾಕೂಣು, ಹೋಗಿ ಬಾ" ಅನ್ನುತ್ತಾರೆ. ಅವ್ವ ಮಾತೇ ಆಡುತ್ತಿಲ್ಲ. ರಾಣೆಬೆನ್ನೂರಿನ ಸೋದರಮಾವ ಬೀಜದ ಕಂಪನಿಗಳಿಗೆ ಆರ್ಗನೈಸರ್. "ರೊಕ್ಕ ನಾ ಕೊಡ್ತೇನಿ, ತಿರುಗಿ ಬಂದ ಮ್ಯಾಲೆ ಮದುವಿ ಮಾತು ಮುಗಿಸೂಣು" ಎಂದರು. ತಮ್ಮ ಮಗನಿಗೆ ನನ್ನನ್ನು ತರುವ ಆಸೆ ಅವರದು. ಅದೇ ಮಾವ "ಆ ದೇಶದ ರಾಜಕಾರಣ ಕಲ್ತು ಇಲ್ಲೇನು ಮಾಡಾಕಿ?" ಎಂದೂ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಏಪ್ರಿಲ್ ಮೊದಲ ವಾರದೊಳಗೆ ಫೀ ಕಟ್ಟಬೇಕು. ಹೋಗಲೋ ಬೇಡವೋ?
– ಹೆಸರು ಬೇಡ, ಬ್ಯಾಡಗಿ ತಾಲ್ಲೂಕು

ತಂಗಿ, ಈ ವರ್ಷ ಹೋಗಬೇಡ. ಏಪ್ರಿಲ್ ಹತ್ತಿರ ಬಂದಿರುವುದರಿಂದ ಸುತ್ತಿ ಬಳಸದೆ ಮೊದಲೇ ಹೇಳಿದೆ. ಎಂದೂ ಹೋಗಬೇಡ ಎನ್ನುತ್ತಿಲ್ಲ. ಒತ್ತಿ ಹಾಕಿದ ಹೊಲದ ಮೇಲೆ ಹೋಗಬೇಡ, ಮಾವನ ರೊಕ್ಕದ ಮೇಲಂತೂ ಹೋಗಲೇಬೇಡ.

ಹೊಲದ ಲೆಕ್ಕ ನಿನಗೇ ಗೊತ್ತು. ಐದರಲ್ಲಿ ಎರಡು ಎಕರೆ ಒತ್ತಿ ಹೋದರೆ, ಅದನ್ನು ಬಿಡಿಸಿಕೊಳ್ಳುವ ರೊಕ್ಕ ಉಳಿದ ಮೂರು ಎಕರೆಯಿಂದಲೇ ಬರಬೇಕು. ಮೆಣಸಿನಕಾಯಿ ದರವನ್ನು ನಂಬಿ ಯಾರು ತಾರೀಖು ಹಾಕಿಕೊಡುತ್ತಾರೆ? 2024ರ ಮಾರ್ಚ್ 11, ಸೋಮವಾರದ ಸಂತೆಯಲ್ಲಿ ದರ ಕುಸಿದಾಗ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳು ಹೊತ್ತಿ ಉರಿದದ್ದು ನಿಮ್ಮ ಮನೆಯಲ್ಲಿ ಮರೆತಿರಲಾರರು. ಇತ್ತ ಆರು ವಾರದ ಕೋರ್ಸು ಕೊಡುವುದು ಒಂದು ಸರ್ಟಿಫಿಕೇಟ್ ಮತ್ತು ಒಂದಿಷ್ಟು ಕ್ರೆಡಿಟ್. ಅದು ನೌಕರಿ ತರುವುದಿಲ್ಲ. ಷೆಂಗೆನ್ ಅಲ್ಪಾವಧಿ ವೀಸಾ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಲು ಬಿಡುತ್ತದೆ, ಅದನ್ನು ನಂಬಿ ಅಲ್ಲಿ ದುಡಿದು ಸಾಲ ತೀರಿಸುವ ದಾರಿಯಿಲ್ಲ. ಅಪ್ಪ ಹೂಂ ಅಂದದ್ದು ದೊಡ್ಡ ಮಾತು. ಮಗಳನ್ನು ಅಷ್ಟು ದೂರ ಕಳಿಸಲು ಒಪ್ಪುವ ಅಪ್ಪಂದಿರು ನಮ್ಮ ಕಡೆ ಎಷ್ಟು ಜನ? ಆದರೆ ಅವ್ವನ ಮೌನಕ್ಕೂ ಅರ್ಥವಿದೆ. ಅವರು ಲೆಕ್ಕ ಹಾಕುತ್ತಿದ್ದಾರೆ. ಹತ್ತಿರ ಕೂತು ಕೇಳು.

ಮಾವನ ವಿಷಯದಲ್ಲಿ ಒಂದೇ ಮಾತು. ಕೈಸಾಲಕ್ಕೆ ಬಡ್ಡಿ ಇರಲಿ, ಹುಡುಗಿಯೇ ಬಡ್ಡಿ ಆಗಬಾರದು. ಆ ಹುಡುಗ ನಿನಗೆ ಮನಸ್ಸಿಗೆ ಬಂದವನಾದರೆ ಅದು ಬೇರೆ ಪತ್ರ, ಆಮೇಲೆ ಬರಿ.

ರೊಕ್ಕದ ಮಾತು ಇಷ್ಟಕ್ಕೇ ಬಿಡೋಣ. ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಕಲಿತು ಇಲ್ಲೇನು ಮಾಡಾಕಿ ಎಂದು ಮಾವ ಕುಹಕದಿಂದಲೇ ಕೇಳಿರಬಹುದು, ಆದರೆ ಪ್ರಶ್ನೆ ಚೊಕ್ಕವಾಗಿದೆ. ಅದಕ್ಕೆ ಉತ್ತರ ಇಲ್ಲದೆ ಹೋದರೆ, ರೊಕ್ಕ ಪೂರ್ತಿ ಪುಕ್ಕಟೆ ಸಿಕ್ಕರೂ, ಪಾರ್ಲಿಮೆಂಟ್ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಂಡು ಬಂದಂತಾಗುತ್ತದೆ. ಉತ್ತರವಂತೂ ನಿಮ್ಮ ಕಣದಲ್ಲೇ ಒಣಗುತ್ತಿದೆ.

ಬ್ಯಾಡಗಿ ಕಾಯಿಗೆ ಬೆಲೆ ಖಾರದಿಂದ ಬಂದದ್ದಲ್ಲ, ಬಣ್ಣದಿಂದ. ಅದರಿಂದ ಓಲಿಯೋರೆಸಿನ್ ಎಂಬ ಸಾರ ತೆಗೆದು ಆಹಾರಕ್ಕೂ ತುಟಿಬಣ್ಣಕ್ಕೂ ಬಳಸುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಹೊರದೇಶಕ್ಕೂ ಹೋಗುತ್ತದೆ. 2003ರಲ್ಲಿ ಭಾರತದಿಂದ ಹೋದ ಮೆಣಸಿನಕಾಯಿ ಪದಾರ್ಥದಲ್ಲಿ ಸುಡಾನ್ ಎಂಬ ಕಲಬೆರಕೆ ಬಣ್ಣ ಫ್ರಾನ್ಸಿನಲ್ಲಿ ಸಿಕ್ಕಿಬಿತ್ತು. ಕೆಲವೇ ವಾರಗಳಲ್ಲಿ ಯುರೋಪಿಯನ್ ಒಕ್ಕೂಟ ಆಮದಾಗುವ ಮೆಣಸಿನಪುಡಿಗೆ ಪರೀಕ್ಷಾ ಪತ್ರ ಕಡ್ಡಾಯ ಮಾಡಿತು. ಈಗ ಅಲ್ಲಿಗೆ ಹೋಗುವ ಒಣ ಮೆಣಸಿನಕಾಯಿಯ ಒಂದು ಕೆ.ಜಿ.ಯಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬ ಬೂಷ್ಟಿನ ವಿಷ 5 ಮೈಕ್ರೋಗ್ರಾಂ ಮೀರುವಂತಿಲ್ಲ, ಎಲ್ಲ ಬಗೆಯ ಅಫ್ಲಾಟಾಕ್ಸಿನ್ ಸೇರಿ 10 ಮೀರುವಂತಿಲ್ಲ. ತೇವ ಆರದ ಚೀಲ ಮಾರ್ಕೆಟ್ಟಿಗೆ ಬಂದರೆ ಖರೀದಿದಾರ ಯಾಕೆ ಮೂಗು ಮುರಿಯುತ್ತಾನೆ ಎನ್ನುವುದರ ಹಿಂದಿನ ಕಾರಣಗಳಲ್ಲಿ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸೂ ಒಂದು. ಈ 5 ಎಂಬ ಅಂಕಿ ಯಾರು ಗೊತ್ತುಮಾಡಿದರು, ಯಾರನ್ನು ಕೇಳಿ, ಯಾವ ಸಮಿತಿಯಲ್ಲಿ? ಬ್ಯಾಡಗಿಯ ಒಬ್ಬ ರೈತನೂ ಅಲ್ಲಿ ಇರಲಿಲ್ಲ, ಅಷ್ಟು ಖಂಡಿತ. ತಿನ್ನುವವರ ಆರೋಗ್ಯದ ದೃಷ್ಟಿಯಿಂದ ಆ ನಿಯಮ ಸರಿಯೇ ಇರಬಹುದು. ನನ್ನ ಮಾತು ಅದರ ಸರಿ ತಪ್ಪಿನದಲ್ಲ, ಅದನ್ನು ಮಾಡುವ ಅಧಿಕಾರದ್ದು. ರಾಜ್ಯಶಾಸ್ತ್ರ ಅಂದರೆ ಇನ್ನೇನು?

ಇಲ್ಲಿಂದ ನಾರ್ವೆಗೆ ಬಾ. ಆ ದೇಶ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ. ಸೇರೋಣವೇ ಎಂದು ಜನರನ್ನು ಎರಡು ಸಲ ಕೇಳಿದರು. 1972ರಲ್ಲಿ ಶೇ 53.5 ಮಂದಿ ಬೇಡ ಎಂದರು, 1994ರ ನವೆಂಬರ್‌ನಲ್ಲಿ ಶೇ 52.2 ಮಂದಿ ಬೇಡ ಎಂದರು. ಬೇಡ ಎಂದು ಹಟ ಹಿಡಿದವರಲ್ಲಿ ರೈತರೂ ಮೀನುಗಾರರೂ ಮುಂದೆ ಇದ್ದರು. ಮೊದಲು ರೈತ ಪಕ್ಷ ಎಂದೇ ಹೆಸರಿದ್ದ, 1959ರಲ್ಲಿ ಸೆಂಟರ್ ಪಕ್ಷ ಆದ ಸಂಘಟನೆ ಆ ಹೋರಾಟದ ಬೆನ್ನೆಲುಬಾಗಿತ್ತು. ಡೆನ್ಮಾರ್ಕ್ 1973ರಲ್ಲೇ ಒಳಗೆ ಹೋಯಿತು, ಸ್ವೀಡನ್ ಮತ್ತು ಫಿನ್‌ಲ್ಯಾಂಡ್ 1995ರಲ್ಲಿ. ನಾರ್ವೆ ಹೊರಗೇ ಉಳಿಯಿತು. ಆದರೂ 1994ರಿಂದ ಜಾರಿಯಲ್ಲಿರುವ ಯುರೋಪಿಯನ್ ಆರ್ಥಿಕ ವಲಯ ಒಪ್ಪಂದದಿಂದಾಗಿ ಒಕ್ಕೂಟದ ಮಾರುಕಟ್ಟೆ ಕಾನೂನುಗಳನ್ನು, ಆಹಾರ ಸುರಕ್ಷತೆಯ ನಿಯಮಗಳನ್ನೂ ಸೇರಿಸಿ, ನಾರ್ವೆ ತನ್ನಲ್ಲಿ ಜಾರಿ ಮಾಡಬೇಕು. ಅವುಗಳಿಗೆ ಮತ ಹಾಕುವಾಗ ಅದಕ್ಕೆ ಕುರ್ಚಿಯಿಲ್ಲ.

ನೋಡಿದೆಯಾ? ಅಷ್ಟು ಶ್ರೀಮಂತ ದೇಶ, ಎಣ್ಣೆಯ ದುಡ್ಡಿನಲ್ಲಿ ಜಗತ್ತಿನಲ್ಲೇ ದೊಡ್ಡ ನಿಧಿ ಕಟ್ಟಿಕೊಂಡ ದೇಶ, ಈ ಒಂದು ವಿಷಯದಲ್ಲಿ ನಿಮ್ಮ ಅಪ್ಪನ ಸಾಲಿನಲ್ಲೇ ನಿಂತಿದೆ. ತಾನು ಕೂಡದ ಸಭೆಯಲ್ಲಿ ಆದ ನಿಯಮವನ್ನು ಇಬ್ಬರೂ ಪಾಲಿಸುತ್ತಾರೆ. ಅಲ್ಲಿಯ ಪ್ರೊಫೆಸರ್ ಎದುರು ಈ ಪ್ರಶ್ನೆ ಇಟ್ಟರೆ ತರಗತಿಯೇ ನಿನ್ನ ಕಡೆ ತಿರುಗುತ್ತದೆ. ಮತವಿಲ್ಲದೆ ನಿಯಮ ಒಪ್ಪಿಕೊಂಡವರಿಗೆ ಪ್ರತಿಯಾಗಿ ಸಿಕ್ಕಿದ್ದೇನು? ನಾರ್ವೆಗೆ ಮಾರುಕಟ್ಟೆ ಸಿಕ್ಕಿತು. ಬ್ಯಾಡಗಿಗೆ? ಇದಕ್ಕೆ ಉತ್ತರ ನನ್ನಲ್ಲಿಲ್ಲ, ನೀನು ಹುಡುಕಬೇಕಾದದ್ದು.

ಇನ್ನೊಂದು ಕಾಕತಾಳೀಯ ಇದೆ. ಬ್ಯಾಡಗಿಯಲ್ಲಿ ಬೆಂಕಿ ಬಿದ್ದ ಹಿಂದಿನ ದಿನ, 2024ರ ಮಾರ್ಚ್ 10ರ ರವಿವಾರ, ಭಾರತವು ನಾರ್ವೆ, ಸ್ವಿಟ್ಜರ್ಲೆಂಡ್, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಇರುವ ಇಎಫ್‌ಟಿಎ ಕೂಟದ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. 2025ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಒಂದರಿಂದ ಇನ್ನೊಂದು ಆಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡ. ಆದರೆ ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ಓದುವವರು ನಮ್ಮ ಜಿಲ್ಲೆಗೆ ಬೇಕು.

ಮಾವನಿಗೂ ಅವರ ಕಸುಬಿನಿಂದಲೇ ಉತ್ತರ ಕೊಡಬಹುದು. ರಾಣೆಬೆನ್ನೂರು ಸುತ್ತಿನ ಹೊಲಗಳಲ್ಲಿ ಹೆಣ್ಣುಮಕ್ಕಳು ಕೂತು ಕ್ರಾಸಿಂಗ್ ಮಾಡುವ ತರಕಾರಿ ಬೀಜ ಕೊಳ್ಳುವ ಕಂಪನಿಗಳಲ್ಲಿ ಯುರೋಪ್ ಮೂಲದವೂ ಇವೆ. ನಾರ್ವೆಯಲ್ಲಿ 2022ರ ಜುಲೈ 1ರಿಂದ ಪಾರದರ್ಶಕತಾ ಕಾಯ್ದೆ ಜಾರಿಯಲ್ಲಿದೆ. ಅಲ್ಲಿನ ದೊಡ್ಡ ಕಂಪನಿಗಳು ತಮಗೆ ಸರಕು ಒದಗಿಸುವವರ ಕಡೆ ಕೂಲಿಕಾರರ ಸ್ಥಿತಿ ಹೇಗಿದೆ ಎಂದು ವಿಚಾರಿಸಿ ವರದಿ ಕೊಡಬೇಕು. ಯಾರಾದರೂ ಬರೆದು ಕೇಳಿದರೆ ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರಿಸಬೇಕು. ಯುರೋಪಿಯನ್ ಒಕ್ಕೂಟವೂ 2024ರಲ್ಲಿ ಇದೇ ಜಾತಿಯ ಕಾನೂನು ತಂದಿದೆ, ಅದನ್ನು ಸಡಿಲಿಸಬೇಕೆಂಬ ಜಗ್ಗಾಟವೂ ಆಮೇಲೆ ಶುರುವಾಯಿತು. ಈ ಕಾನೂನುಗಳ ಗಾಳಿ ಬೀಸಿದರೆ ಆರ್ಗನೈಸರ್ ರಿಜಿಸ್ಟರಿನಲ್ಲಿ ಕೂಲಿಕಾರರ ವಯಸ್ಸು, ಪಗಾರ ಬರೆಯುವ ಕಾಲಮ್ಮುಗಳು ಹೆಚ್ಚುತ್ತವೆ. ಅದನ್ನು ಓದಿ ಹೇಳುವವಳು ಮನೆಯಲ್ಲೇ ಇದ್ದರೆ ಮಾವನಿಗೆ ಲಾಭವೇ.

ಅಪ್ಪನಿಗೆ ರೈತ ಚಳವಳಿಯ ಹಸಿರು ಶಾಲಿನ ಕಾಲ ನೆನಪಿದ್ದರೆ ಇದನ್ನೂ ಹೇಳು. 1999ರ ಬೇಸಿಗೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಮುಂದಾಳತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘದವರೂ ಸೇರಿ ನೂರಾರು ಭಾರತೀಯ ರೈತರು ಯುರೋಪಿನ ದೇಶ ದೇಶ ಸುತ್ತಿದರು. ಕೊಲೋನ್ ನಗರದಲ್ಲಿ ಜಿ-8 ನಾಯಕರು ಸೇರಿದ್ದಾಗ ಅಲ್ಲಿ ಪ್ರತಿಭಟನೆಗೆ ನಿಂತರು. ಯಾವ ವಿಶ್ವವಿದ್ಯಾಲಯದ ಕ್ರೆಡಿಟ್ಟೂ ಅವರಿಗೆ ಬೇಕಿರಲಿಲ್ಲ. ನಮ್ಮ ಹೊಲದ ದರ ಎಲ್ಲಿ ತೀರ್ಮಾನ ಆಗುತ್ತದೋ ಅಲ್ಲಿಗೇ ಹೋಗಿ ಕೇಳೋಣ ಎಂದು ಹೊರಟವರು. ನಮ್ಮಲ್ಲಿ ಯುರೋಪ್ ರಾಜಕಾರಣದ ಮೊದಲ ಬೇಸಿಗೆ ತರಗತಿ ಅದೇ ಎಂದು ನಾನು ಹುಡುಗರಿಗೆ ತಮಾಷೆಗೆ ಹೇಳುತ್ತಿದ್ದೆ.

ಸ್ಕ್ಯಾಂಡಿನೇವಿಯಾ ಜೊತೆ ನಮ್ಮ ಕೊಡುಕೊಳ್ಳುವುದು ಹಳೆಯದೇ. ಅಧಿಕಾರಿಗಳ ಮೇಲೆ ದೂರು ಕೇಳುವ ಓಂಬುಡ್ಸ್‌ಮನ್ ವ್ಯವಸ್ಥೆ ಸ್ವೀಡನ್ನಿನಲ್ಲಿ ಹುಟ್ಟಿದ್ದು 1809ರಲ್ಲಿ. ಡೆನ್ಮಾರ್ಕ್ 1950ರ ದಶಕದಲ್ಲಿ ತಂದುಕೊಂಡಿತು, ನಾರ್ವೆ 1960ರ ದಶಕದಲ್ಲಿ. ಅದೇ ಬಳ್ಳಿ ನಮ್ಮಲ್ಲಿ 1984ರ ಕಾಯ್ದೆಯಿಂದ ಲೋಕಾಯುಕ್ತವಾಗಿ ಹಬ್ಬಿತು. ಹಾವೇರಿಯಲ್ಲಿ ಲೋಕಾಯುಕ್ತ ದಾಳಿ ಅಂದರೆ ಎಲ್ಲರಿಗೂ ಗೊತ್ತು. ಸ್ವೀಡನ್ನಿನ ಓಂಬುಡ್ಸ್‌ಮನ್ ಪೊಲೀಸರನ್ನು ಕರೆದುಕೊಂಡು ದಾಳಿ ಮಾಡುವುದಿಲ್ಲ. ಹಾಗಾದರೆ ಅಲ್ಲಿಯ ಅಧಿಕಾರಿ ಯಾವುದಕ್ಕೆ ಹೆದರುತ್ತಾನೆ? ಎಂ.ಎ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇದನ್ನೂ ಇಟ್ಟುಕೊ.

ಈಗ ದಾರಿ ಹೇಳುತ್ತೇನೆ. ನೀನು ಕೈಯಿಂದ ಹಾಕಬೇಕೆಂದಿರುವ ನಾಲ್ಕೂವರೆ ಲಕ್ಷ ಆರು ವಾರಕ್ಕೆ. ಎರಡು ವರ್ಷ ಪೂರ್ತಿ ಯುರೋಪಿನಲ್ಲಿ ಓದಲು ಅವರೇ ದುಡ್ಡು ಕೊಡುವ ಎರಾಸ್ಮಸ್ ಮುಂಡಸ್ ಎಂಬುದು 2004ರಿಂದ ಇದೆ. ಆಯ್ಕೆಯಾದರೆ ಫೀ ಇಲ್ಲ, ತಿಂಗಳಿಗೆ 1,400 ಯೂರೊ ಕೈಗೆ ಬರುತ್ತದೆ. ಒಂದು ದೇಶದಲ್ಲಲ್ಲ, ಕನಿಷ್ಠ ಎರಡು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದಬೇಕು. ಪೈಪೋಟಿ ಬಹಳ, ಸುಳ್ಳು ಹೇಳುವುದಿಲ್ಲ. ಹೆಚ್ಚಿನ ಅರ್ಜಿಗಳು ಅಕ್ಟೋಬರ್‌ನಿಂದ ಜನವರಿಯೊಳಗೆ ಮುಗಿಯುತ್ತವೆ, ಹಾಗಾಗಿ ನಿನಗೆ ಸಮಯವಿದೆ. ನಾರ್ವೆಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ಪುಕ್ಕಟೆ ಎಂದು ಯಾರಾದರೂ ಹೇಳಿದರೆ ಅದು ಹಳೆಯ ಸುದ್ದಿ. 2023ರ ಶರತ್ಕಾಲದಿಂದ ಯುರೋಪಿನ ಹೊರಗಿನವರಿಗೆ ಫೀ ಇದೆ. ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್ ಅದಕ್ಕೂ ಮೊದಲೇ ಹಾಕಿದ್ದವು. ನಮ್ಮ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದೇಶ ವ್ಯಾಸಂಗದ ಸಹಾಯ ಪೂರ್ಣ ಪದವಿ ಓದುವವರಿಗೆ, ಬೇಸಿಗೆ ಕೋರ್ಸಿಗಲ್ಲ. ನಿನಗೆ ಅರ್ಹತೆ ಇದೆಯೋ ಎಂದು ಹಾವೇರಿಯ ಜಿಲ್ಲಾ ಕಚೇರಿಯಲ್ಲಿ ಕೇಳಿ ಬರಲು ಅರ್ಧ ದಿನ ಸಾಕು.

ಬೇಸಿಗೆ ಕೋರ್ಸೇ ಬೇಕು ಅನಿಸಿದರೂ ಬೇಡ ಅನ್ನುವುದಿಲ್ಲ, ಅವುಗಳಿಗೂ ತೂಕವಿದೆ. ಓಸ್ಲೋ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಬೇಸಿಗೆ ಶಾಲೆ 1947ರಲ್ಲೇ, ಮಹಾಯುದ್ಧದ ಗಾಯ ಇನ್ನೂ ಹಸಿಯಿದ್ದಾಗ ಶುರುವಾದದ್ದು. ಆದರೆ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಹೋಗು. ಅಲ್ಲಿಯ ಬೇಸಿಗೆ ಅಂದರೆ ಜೂನ್, ಜುಲೈ. ನಮ್ಮಲ್ಲಿ ಆಗ ಮುಂಗಾರು ಬಿತ್ತನೆ, ಎಷ್ಟೋ ಸಲ ಸೆಮಿಸ್ಟರ್ ಪರೀಕ್ಷೆಯೂ. ಪರೀಕ್ಷೆ ತಪ್ಪಿದರೆ ಏನು, ಅಲ್ಲಿಯ ಕ್ರೆಡಿಟ್ ಇಲ್ಲಿ ಎಣಿಸುತ್ತಾರೋ ಇಲ್ಲವೋ ಎಂದು ವಿಭಾಗದ ಮುಖ್ಯಸ್ಥರಿಂದ ಬರವಣಿಗೆಯಲ್ಲಿ ತೆಗೆದುಕೊ, ಬಾಯಿಮಾತು ನಂಬಬೇಡ. ಮತ್ತೆ, ಫೀಯನ್ನು ನಾವೇ ಕಟ್ಟುತ್ತೇವೆ ಎನ್ನುವ ಮಧ್ಯವರ್ತಿಗಳು ಹುಬ್ಬಳ್ಳಿ, ದಾವಣಗೆರೆ ಎಲ್ಲ ಕಡೆ ಬೋರ್ಡು ಹಾಕಿ ಕೂತಿದ್ದಾರೆ. ದುಡ್ಡು ಹೋಗಬೇಕಾದದ್ದು ವಿಶ್ವವಿದ್ಯಾಲಯದ ಖಾತೆಗೆ ನೇರ. ಪ್ರವೇಶ ಪತ್ರ ಕೊಟ್ಟವರು ಯಾರು, ತರಗತಿ ನಡೆಸುವವರು ಯಾರು ಎಂಬುದು ಒಂದೇ ಹೆಸರಾಗಿದೆಯೇ ನೋಡು. ವಿಶ್ವವಿದ್ಯಾಲಯದ ಊರಿನಲ್ಲಿ ಕೋಣೆ ಬಾಡಿಗೆ ಹಿಡಿದು ಕೋರ್ಸು ನಡೆಸುವವರೂ ಇರುತ್ತಾರೆ.

ಫೀ ಕಟ್ಟುವ ದಿನ ಬರುವ ಮೊದಲು ನಿನಗೆ ಸೀಟು ಕೊಟ್ಟ ವಿಶ್ವವಿದ್ಯಾಲಯದ ಕಚೇರಿಗೆ ಇ-ಮೇಲ್ ಬರಿ: ಈ ವರ್ಷ ಹಣ ಹೊಂದಿಸಲು ಆಗುತ್ತಿಲ್ಲ, ಸೀಟನ್ನು ಮುಂದಿನ ವರ್ಷಕ್ಕೆ ಇಡಬಹುದೇ, ಆಗಿನ ಸ್ಕಾಲರ್‌ಶಿಪ್ಪಿಗೆ ಕೊನೆಯ ದಿನಾಂಕ ಯಾವುದು. ಹೀಗೆ ಕೇಳುವುದರಲ್ಲಿ ನಾಚಿಕೆ ಇಲ್ಲ, ಅವರಿಗೆ ಇಂಥ ಪತ್ರ ಎಷ್ಟೋ ಬರುತ್ತವೆ.

ಆಮೇಲೆ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗು, ಈಗಲೇ, ಆವಕ ಇಳಿಯುವ ಮುಂಚೆ. ಸೋಮವಾರ, ಗುರುವಾರ ಟೆಂಡರ್ ನಡೆಯುವಾಗ ಅಪ್ಪನ ಪರಿಚಯದ ದಲಾಲಿ ಅಂಗಡಿಯಲ್ಲಿ ಕೂತು ನೋಡು. ಡಬ್ಬಿ ತಳಿಗೆ ಎಷ್ಟು, ಕಡ್ಡಿ ತಳಿಗೆ ಎಷ್ಟು, ರಫ್ತಿಗೆ ಕೊಳ್ಳುವವರು ಯಾವ ಚೀಲ ಬಿಡುತ್ತಾರೆ, ಯಾಕೆ ಬಿಡುತ್ತಾರೆ ಎಂದು ಬರೆದುಕೊ. ಸಂಜೆ ಯುರೋಪಿಯನ್ ಒಕ್ಕೂಟದ ಆಹಾರ ಎಚ್ಚರಿಕೆ ಜಾಲ 'ರಾಸ್ಫ್' ತೆರೆದು ನೋಡು. ಯಾವ ದೇಶದ ಯಾವ ಸರಕನ್ನು ಯಾವ ಕಾರಣಕ್ಕೆ ತಡೆದರು ಎಂಬುದು ಅಲ್ಲಿ ಎಲ್ಲರೂ ನೋಡುವಂತೆ ಇದೆ, ದುಡ್ಡು ಕೊಡಬೇಕಿಲ್ಲ. ಎರಡನ್ನೂ ಸೇರಿಸಿ ಹತ್ತು ಪುಟ ಬರೆದು ನಿಮ್ಮ ಮೇಷ್ಟ್ರಿಗೆ ಓದಲು ಕೊಡು. ಮುಂದಿನ ಅರ್ಜಿಯಲ್ಲಿ 'ನನಗೆ ಯುರೋಪ್ ಸಂಸ್ಕೃತಿಯಲ್ಲಿ ಆಸಕ್ತಿ' ಎಂದು ಬರೆಯುವ ಸಾವಿರಾರು ಜನರ ಮಧ್ಯೆ ನಿನ್ನ ಹತ್ತು ಪುಟ ಬೇರೆಯಾಗಿ ಕಾಣುತ್ತವೆ. ಅವು ಇಂಗ್ಲಿಷ್‌ನಲ್ಲಿ ಇರಬೇಕಾಗುತ್ತದೆ, ಆದರೆ ಮೊದಲು ಕನ್ನಡದಲ್ಲಿ ಬರೆ.

ಪಾಸ್‌ಪೋರ್ಟ್ ಮಾಡಿಸಿಲ್ಲದಿದ್ದರೆ ಅದನ್ನು ಮುಂದೂಡಬೇಡ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಅವ್ವನನ್ನೂ ಕರೆದುಕೊಂಡು ಹೋಗು.