ವ್ಯವಹಾರ ಮಾಹಿತಿ: ಅರ್ಥ ಮತ್ತು ಬಳಕೆ

ಕಂಪೆನಿಗಳು ‘ಬಿಸಿನೆಸ್ ಇಂಟೆಲಿಜೆನ್ಸ್’ ಎನ್ನುವುದು ಗೂಢಚರ್ಯೆಯಲ್ಲ. ಪೇಟೆಯ ಸುದ್ದಿಯನ್ನು ಸ್ವಂತ ಲೆಕ್ಕ, ದಾಸ್ತಾನಿನೊಡನೆ ತಾಳೆ ನೋಡಿ, ತೀರ್ಮಾನ ಮಾಡುವವರಿಗೆ ಸಕಾಲದಲ್ಲಿ ಮುಟ್ಟಿಸುವ ಏರ್ಪಾಡು.

1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಕಡುಹಿಮ ಬಿದ್ದು ಕಾಫಿ ತೋಟಗಳು ಸುಟ್ಟುಹೋದವು. ಆ ವರ್ಷದ ಕೊಯ್ಲು ಬಹುಪಾಲು ಮುಗಿದಿತ್ತು. ದೊಡ್ಡ ಪೆಟ್ಟು ಮುಂದಿನ ಫಸಲಿಗೆ. ಬೆಲೆ ತುದಿ ಮುಟ್ಟಿದ್ದು 1977ರಲ್ಲಿ. ಹಿಮದ ಸುದ್ದಿ ಎಲ್ಲರಿಗೂ ತಲುಪಿತ್ತು. ಯಾವ ಫಸಲಿಗೆ ನಷ್ಟ ಎಂದು ಲೆಕ್ಕ ಹಾಕಿದವರಿಗೆ ಮಾತ್ರ ಅದು ಉಪಯೋಗಕ್ಕೆ ಬರುವಂಥದು. ಆಗ ನಮ್ಮ ಕಾಫಿ ಮಂಡಳಿಯ ಪೂಲಿಗೆ ಹೋಗುತ್ತಿತ್ತು, ಮಾರುವ ಚಿಂತೆ ಮಂಡಳಿಯದು. 1996ರಲ್ಲಿ ಪೂಲ್ ಪೂರ್ತಿ ನಿಂತಿತು. ಮಾರುವುದೋ, ಇಟ್ಟುಕೊಳ್ಳುವುದೋ, ಈಗ ನಾವೇ ನಿರ್ಧರಿಸಬೇಕು.

ಲಂಡನ್ನಿನ ರೋಬಸ್ಟಾ ದರ ಟನ್ನಿಗೆ ಡಾಲರಿನಲ್ಲಿ. ವ್ಯಾಪಾರಿ ಹೇಳುವುದು 50 ಕಿಲೋ ಚೆರಿ ಮೂಟೆಗೆ. ನಡುವೆ ನಮ್ಮ ಔಟ್‌ಟರ್ನ್ ಇದೆ, ಅದನ್ನೇ ಹೆಚ್ಚಿನವರು ಬರೆದಿಡುವುದಿಲ್ಲ. ಮೂಟೆಗೆ ಕ್ಲೀನ್ ಕಾಫಿ 26 ಕಿಲೋವೋ, 28 ಕಿಲೋವೋ? ಕಿಲೋಗೆ 300 ರೂ. ಎಂದಿಟ್ಟುಕೊಂಡರೂ ಅಂತರ 600 ರೂ.; ನೂರು ಮೂಟೆಗೆ 60,000 ರೂ. ಅಡಿಕೆಯಲ್ಲಾದರೆ ಸುಲಿತದ ಕೂಲಿ, ಒಣಗುವಾಗ ಇಳಿಯುವ ತೂಕವೂ ಸೇರಬೇಕು.

ಸದಸ್ಯರು ಸಂಘಕ್ಕೆ ಬರುವಾಗ ಹಿಂದಿನ ಮೂರು ವರ್ಷದ ಔಟ್‌ಟರ್ನ್ ಚೀಟಿಗಳನ್ನು ತನ್ನಿ. ಕಚೇರಿಯ ದರಪಟ್ಟಿಯೊಡನೆ ಕೂಡಿಸಿ ನೋಡೋಣ.