ಬಿಸಿಲು ತುಂಬುವ ದೋಣಿ

ಬಸವಾಪಟ್ಟಣಕ್ಕೆ ಅನತಿ ದೂರದಲ್ಲಿ, ಹರಿದ್ರಾ ನದಿಗೆ ಅಡ್ಡಲಾಗಿ ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಶಾಂತಿಸಾಗರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಜನರ ಬಾಯಲ್ಲಿ ಅದು ಸೂಳೆಕೆರೆ. ಅದರ ಏರಿಯ ಮೇಲೆ ನಿಂತವನಿಗೆ ಮೂರು ಸಂಗತಿಗಳು ಮನವರಿಕೆಯಾಗುತ್ತವೆ: ನೀರು ಬರುವ ಹಳ್ಳ, ನೀರು ಬಿಡುವ ತೂಬು, ಹೆಚ್ಚಾದುದನ್ನು ಹೊರಹಾಕುವ ಕೋಡಿ. ಸಿದ್ಧನ ತೂಬು, ಬಸವನ ತೂಬು ಎಂದು ಇಲ್ಲಿಯ ತೂಬುಗಳಿಗೆ ಹೆಸರೂ ಉಂಟು. ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಯೂ ಇಂಥದೇ ಒಂದು ಕೆರೆಯೆಂಬುದು ನನಗೆ ಹೊಳೆದದ್ದು ನನ್ನ ಹಳೆಯ ಶಿಷ್ಯನೊಬ್ಬನ ದೋಣಿಯಿಂದ.

ಆತ ತನ್ನ ಜಮೀನಿನ ಹೊಂಡದಲ್ಲಿ ಮೀನು ಸಾಕುತ್ತಾನೆ. ಮೀನಿಗೆ ಆಹಾರ ಚೆಲ್ಲಲು ಪುಟ್ಟ ದೋಣಿ, ಅದಕ್ಕೆ ವಿದ್ಯುತ್ ಮೋಟಾರು, 12 ವೋಲ್ಟಿನ 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ, ಮೇಲ್ಛಾವಣಿಯ ಮೇಲೆ 100 ವಾಟಿನ ಒಂದು ಸೌರಫಲಕ. ಇನ್ನು ಎಣ್ಣೆಯ ಖರ್ಚಿಲ್ಲವೆಂದು ಹಿಗ್ಗಿದ. ಮೂರು ತಿಂಗಳು ತುಂಬುವುದರೊಳಗೆ ಬ್ಯಾಟರಿ ಸತ್ತಿತು. ಮಾರಿದವನು ಮೋಸ ಮಾಡಿದನೆಂದು ದೂರುತ್ತ ಬಂದವನನ್ನು ಕೂರಿಸಿ, ಹಾಳೆಯೊಂದನ್ನು ಮುಂದಿಟ್ಟೆ. ಮೇಷ್ಟರ ಚಾಳಿ ನಿವೃತ್ತಿಯಿಂದ ಬಿಟ್ಟುಹೋಗುವುದಲ್ಲ.

ಮೊದಲು ಫಲಕದ ಕೆಲಸವನ್ನು ತಿಳಿಯೋಣ. ಸೂರ್ಯನ ಬೆಳಕು ಸಿಲಿಕಾನಿನ ಮೇಲೆ ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ ಹರಿಯತೊಡಗುತ್ತವೆ. ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಬೆಕೆರೆಲ್ 1839ರಲ್ಲಿಯೇ ಕಂಡಿದ್ದನು. ಬಳಕೆಗೆ ಒದಗುವ ಸಿಲಿಕಾನ್ ಕೋಶವು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ಒಂದು ಕೋಶದ ಒತ್ತಡ ಸುಮಾರು ಅರ್ಧ ವೋಲ್ಟು ಮಾತ್ರ. 36 ಕೋಶಗಳನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟಿನಷ್ಟಾಗಿ, ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ, 12 ವೋಲ್ಟಿನ ಬ್ಯಾಟರಿಯೊಳಕ್ಕೆ ವಿದ್ಯುತ್ತು ಇಳಿಯುತ್ತದೆ. ಸಾಲಿನಲ್ಲಿ ಒಂದೆರಡು ಕೋಶಗಳಿಗೆ ನೆರಳು ಕವಿದರೂ ಹರಿವು ಬಹಳ ಕುಗ್ಗುತ್ತದೆ. ನಮ್ಮ ಶಿಷ್ಯನೋ ಒದ್ದೆ ಟವೆಲನ್ನು ಫಲಕದ ಮೇಲೆಯೇ ಒಣಹಾಕುತ್ತಿದ್ದನಂತೆ!

ಫಲಕಕ್ಕೂ ಬ್ಯಾಟರಿಗೂ ನಡುವೆ ಒಂದು ನಿಯಂತ್ರಕವಿರುತ್ತದೆ. ಬ್ಯಾಟರಿ ತುಂಬಿದಾಗ ಅದು ಒಳಹರಿವನ್ನು ತಗ್ಗಿಸುತ್ತದೆ. ಕೋಡಿಯಿಲ್ಲದ ಕೆರೆಯ ಏರಿ ಒಡೆಯುವಂತೆ, ನಿಯಂತ್ರಕವಿಲ್ಲದ ಬ್ಯಾಟರಿ ಕುದಿದು ಕೆಡುತ್ತದೆ. ರಾತ್ರಿಯಲ್ಲಿ ವಿದ್ಯುತ್ತು ಫಲಕದತ್ತ ಹಿಂದಿರುಗದಂತೆ ತಡೆಯುವುದೂ ಅದೇ. ಆದರೆ ಆತನ ದೋಣಿಯಲ್ಲಿ ಕೆಟ್ಟದ್ದು ಕೋಡಿಯಲ್ಲ, ತೂಬು.

ಲೆಕ್ಕ ಹೀಗೆ. ಬ್ಯಾಟರಿಯಲ್ಲಿ ಕೂಡುವುದು 12×100, ಅಂದರೆ 1200 ವಾಟ್-ಗಂಟೆ. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ತೂಬಿನ ಮಟ್ಟಕ್ಕಿಂತ ಕೆಳಗಿನ ನೀರು ಕೆರೆಯಲ್ಲೇ ಉಳಿಯುವಂತೆ, ಕೈಗೆ ಸಿಗುವುದು 600 ಮಾತ್ರ. ಮೋಟಾರು 30 ಆಂಪಿಯರ್ ಎಳೆಯುತ್ತಿತ್ತು. 12×30, ಅಂದರೆ 360 ವಾಟು. ದಿನಕ್ಕೆ ಎರಡು ಗಂಟೆ ಓಡಿಸಿದರೆ 720 ವಾಟ್-ಗಂಟೆ ಖರ್ಚು. ನಮ್ಮ ಕಡೆಯ ಒಳ್ಳೆಯ ಬಿಸಿಲು ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮವೆಂದು ಹಿಡಿದು, ಕಾವು, ಧೂಳುಗಳ ನಷ್ಟ ಕಳೆದರೆ ಫಲಕದಿಂದ ಬರುವುದು ಸುಮಾರು 400. ದಿನವೂ 320ರ ಸಾಲ! ನಾಲ್ಕನೆಯ ದಿನಕ್ಕೆ ಕೆರೆ ಬತ್ತಿತು. ಬತ್ತಿದ ಸ್ಥಿತಿಯಲ್ಲೇ ದಿನಗಳೆದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅನಂತರ ಎಷ್ಟು ಬಿಸಿಲು ಕಾದರೇನು?

"ಹಾಗಾದರೆ ದೊಡ್ಡ ಬ್ಯಾಟರಿ ತರಲೇ, ಸಾರ್?" ಎಂದನು. ಹಳ್ಳದಲ್ಲಿ ನೀರೇ ಸಾಲದಿರುವಾಗ ಕೆರೆಯನ್ನು ಅಗಲಿಸಿ ಏನು ಫಲ! ವೇಗವನ್ನು ತಗ್ಗಿಸೆಂದೆ. ನೀರಿನಲ್ಲಿ ದೋಣಿಯ ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ವೇಗವನ್ನು ಐದರಲ್ಲಿ ಒಂದು ಪಾಲು ಇಳಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಎರಡು ಗಂಟೆಯ ಕೆಲಸ ಎರಡೂವರೆ ಗಂಟೆ ಹಿಡಿದೀತು; ಆದರೆ ಖರ್ಚು 720ರಿಂದ ಸುಮಾರು 460ಕ್ಕೆ ಬರುತ್ತದೆ.

ಈ ಜಾಣತನವನ್ನು ದೊಡ್ಡ ಪ್ರಮಾಣದಲ್ಲಿ ಕಾಣಬೇಕಾದರೆ ಕೇರಳದ ವೈಕಂಗೆ ಹೋಗಬೇಕು. ಸತ್ಯಾಗ್ರಹದಿಂದ ಹೆಸರಾದ ಆ ಊರಿನಿಂದ ವೆಂಬನಾಡ್ ಸರೋವರದ ಆಚೆಯ ತವಣಕಡವಿಗೆ 2017ರ ಜನವರಿಯಲ್ಲಿ 'ಆದಿತ್ಯ' ಎಂಬ ಸೌರದೋಣಿ ಸಂಚಾರ ಆರಂಭಿಸಿತು. ಅದು 75 ಪ್ರಯಾಣಿಕರ ದೋಣಿ. ಚಾವಣಿಯಲ್ಲಿ 20 ಕಿಲೋವಾಟಿನ ಫಲಕಗಳು, ಒಳಗೆ 50 ಕಿಲೋವಾಟ್-ಗಂಟೆಯ ಲಿಥಿಯಂ ಬ್ಯಾಟರಿ. ಅದರ ಗುಟ್ಟು ಫಲಕದಲ್ಲಷ್ಟೇ ಇಲ್ಲ. ನೀರನ್ನು ಸುಲಭವಾಗಿ ಸೀಳುವ ತೆಳುವಾದ ಜೋಡಿ ಒಡಲು, ಹಗುರವಾದ ಮೈ, ಅವಸರವಿಲ್ಲದ ನಡಿಗೆ ಇವೂ ಅದರಲ್ಲಿ ಸೇರಿವೆ. ಬಿಸಿಲು ಸಾಲದೆ ಬಂದುದನ್ನು ದಡದ ವಿದ್ಯುತ್ತಿನಿಂದ ತುಂಬಿಕೊಳ್ಳುವ ಏರ್ಪಾಡೂ ಅಲ್ಲಿದೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಶಿಷ್ಯನು ಹೊಸ ಬ್ಯಾಟರಿಯೊಂದಿಗೆ ಇನ್ನೊಂದು ಫಲಕವನ್ನೂ ಹಾಕಿಸಿದನು. ಟವೆಲು ಈಗ ಬೇಲಿಯ ಮೇಲೆ ಒಣಗುತ್ತದೆ. ಆಷಾಢದಲ್ಲಿ ಮೋಡ ಕವಿದು ಮೂರು ದಿನ ಬಿಸಿಲು ಕಾಣದಿದ್ದಾಗ ಏನು ಮಾಡುತ್ತೀಯೆಂದು ಕೇಳಿದೆ. ದೋಣಿಯ ಅಡಿಯಲ್ಲಿ ಇಟ್ಟಿದ್ದ ಹುಟ್ಟನ್ನು ಎತ್ತಿ ತೋರಿಸಿದನು.